ಗಡ್ಡೆಯೊಳಗಿನ ಹುಳಿಯನ್ನು ಎಂಆರ್‌ಐ ಕಾಣುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್ ಗಡ್ಡೆಗಳ ಆಮ್ಲೀಯತೆಯನ್ನು ಕಾಂತೀಯ ಅನುರಣನ ತಂತ್ರಗಳಿಂದ ಅಳೆಯುವ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು, ರೋಗಿಗಳ ಮನೆಯವರು, ಕೆಲವೊಮ್ಮೆ ವೈದ್ಯರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಗೊಂದಲ ಹೆಚ್ಚಿರುವುದು ಅಲ್ಲೇ.

ಗಡ್ಡೆ ಆಮ್ಲೀಯ ಎನ್ನುತ್ತಾರೆ. ಎಷ್ಟು ಆಮ್ಲೀಯ?

ಆರೋಗ್ಯವಂತ ಅಂಗಾಂಶದಲ್ಲಿ ಜೀವಕೋಶಗಳ ಸುತ್ತಲಿನ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 7.2ರಿಂದ 7.4ರ ನಡುವೆ ಇರುತ್ತದೆ. ಘನ ಗಡ್ಡೆಗಳಲ್ಲಿ ಅದೇ ದ್ರವ 6.5ರಿಂದ 6.9ರ ಮಟ್ಟಕ್ಕೆ ಇಳಿದಿರುವುದು ಅಪರೂಪವಲ್ಲ. ಕೇಳಲು ಚಿಲ್ಲರೆ ವ್ಯತ್ಯಾಸ. ಆದರೆ ಪಿಎಚ್ ಲಾಗರಿತಮ್ ಲೆಕ್ಕದಲ್ಲಿ ನಡೆಯುತ್ತದೆ. 7.4ರಲ್ಲಿ ಒಂದು ಲೀಟರಿಗೆ ಸುಮಾರು 40 ನ್ಯಾನೋಮೋಲ್ ಹೈಡ್ರೋಜನ್ ಅಯಾನುಗಳಿದ್ದರೆ 6.8ರಲ್ಲಿ ಸುಮಾರು 158 ಇರುತ್ತವೆ, ಅಂದರೆ ನಾಲ್ಕು ಪಟ್ಟು. ರಕ್ತದ ಪಿಎಚ್ ಆ ಮಟ್ಟಕ್ಕೆ ಇಳಿದರೆ ಮನುಷ್ಯ ಉಳಿಯುವುದೇ ಕಷ್ಟ. ಗಡ್ಡೆಯ ಕೋಶಗಳು ಅಂಥದ್ದರಲ್ಲಿ ಸಂಸಾರ ಹೂಡುತ್ತವೆ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಈ ಹುಳಿ ಇರುವುದು ಕೋಶಗಳ ಹೊರಗೆ. ಕೋಶಗಳ ಒಳಗೆ ಪಿಎಚ್ ಸುಮಾರು 7.0ರಿಂದ 7.4ರಲ್ಲೇ ಇರುತ್ತದೆ. ಈ ಒಳಗು-ಹೊರಗಿನ ಭೇದವೇ ಮುಂದಿನ ಅರ್ಧ ಪ್ರಶ್ನೆಗಳ ಬೇರು.

ಆ ಆಮ್ಲ ಎಲ್ಲಿಂದ ಬರುತ್ತದೆ?

ಆಮ್ಲಜನಕ ಸಿಗುತ್ತಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ಹೊರಗೆ ಹಾಕುತ್ತವೆ ಎಂಬುದನ್ನು ಓಟ್ಟೋ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಪಾಠಗಳಲ್ಲಿ ಕತೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಲ್ಯಾಕ್ಟೇಟ್ ಒಂದೇ ಅಪರಾಧಿಯಲ್ಲ. ಗ್ಲೂಕೋಸ್ ಒಡೆಯುವ ಈ ದಾರಿಯೇ ಕುಂಟಾಗಿದ್ದ ಕೋಶಗಳಿಂದ ಬೆಳೆಸಿದ ಗಡ್ಡೆಗಳೂ ಆಮ್ಲೀಯವಾಗಿಯೇ ಇದ್ದುದನ್ನು 1990ರ ದಶಕದ ಪ್ರಯೋಗಗಳು ಕಂಡವು. ಅಲ್ಲಿ ಇಂಗಾಲದ ಡೈಆಕ್ಸೈಡ್ ದೊಡ್ಡ ಪಾತ್ರ ವಹಿಸುತ್ತದೆ. ಕಾರ್ಬಾನಿಕ್ ಅನ್‌ಹೈಡ್ರೇಸ್ 9 ಎಂಬ ಕಿಣ್ವ ಕೋಶದ ಹೊರಮೈಯಲ್ಲಿ ಕುಳಿತು ಅದನ್ನು ನೀರಿನೊಂದಿಗೆ ಸೇರಿಸಿ ಬೈಕಾರ್ಬೊನೇಟ್ ಮತ್ತು ಪ್ರೋಟಾನ್‌ಗಳಾಗಿ (ಹೈಡ್ರೋಜನ್ ಅಯಾನುಗಳಾಗಿ) ಮಾರ್ಪಡಿಸುತ್ತದೆ. ಇದರ ಮೇಲೆ ಕೋಶದ ಪೊರೆಯಲ್ಲಿರುವ ಪಂಪುಗಳು ಒಳಗಿನ ಪ್ರೋಟಾನ್‌ಗಳನ್ನು ಎಡೆಬಿಡದೆ ಹೊರಗೆ ತಳ್ಳುತ್ತವೆ. ಮನೆ ಗುಡಿಸಿ ಕಸವನ್ನು ಬೀದಿಗೆ ಹಾಕಿದಂತೆ. ಬೀದಿ ಗುಡಿಸಬೇಕಾದ ರಕ್ತನಾಳಗಳೋ ಗಡ್ಡೆಯಲ್ಲಿ ಅಂಕುಡೊಂಕು, ಸೋರುಬುರುಕು. ಕಸ ಅಲ್ಲೇ ಕೊಳೆಯುತ್ತದೆ.

ಅದನ್ನು ಅಳೆದು ಆಗಬೇಕಾದುದೇನು?

ಮೂರು ಕಾರಣಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಆಮ್ಲವು ಸುತ್ತಲಿನ ಆರೋಗ್ಯವಂತ ಕೋಶಗಳನ್ನು ಕೊಂದು ಗಡ್ಡೆ ಹರಡಲು ದಾರಿ ಬಿಡಿಸುತ್ತದೆ ಎಂಬ ವಾದವನ್ನು ಗೇಟನ್‌ಬಿ ಮತ್ತು ಗಾವ್ಲಿನ್‌ಸ್ಕಿ ಎಂಬ ಸಂಶೋಧಕರು 1996ರಲ್ಲಿ ಗಣಿತದ ಮಾದರಿಯಾಗಿ ಮುಂದಿಟ್ಟರು. ಎರಡನೆಯದು ಔಷಧಗಳ ವಿಚಾರ. ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧಗಳು ದುರ್ಬಲ ಕ್ಷಾರಗಳು; ಅವು ಆಮ್ಲೀಯ ದ್ರವದಲ್ಲಿ ವಿದ್ಯುದಾವೇಶ ಪಡೆದು ಕೋಶದ ಪೊರೆಯನ್ನು ದಾಟಲಾರದೆ ಹೊರಗೇ ನಿಲ್ಲುತ್ತವೆ. ಔಷಧ ಗಡ್ಡೆಯವರೆಗೆ ಬಂದೂ ಬಾಗಿಲಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯದು, ಕ್ಯಾನ್ಸರ್ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು ಈ ಹುಳಿಯಲ್ಲಿ ಮಂಕಾಗುತ್ತವೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೊಥೆರಪಿ ಬಂದ ಮೇಲೆ ಈ ಕೊನೆಯ ಕಾರಣಕ್ಕೆ ತೂಕ ಹೆಚ್ಚಿದೆ.

ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ ಅಳೆಯಬಹುದಲ್ಲ?

ಅಳೆಯಬಹುದು, ದಶಕಗಳ ಕಾಲ ಅಳೆದಿದ್ದಾರೆ. ಗಡ್ಡೆಯ ಹುಳಿ ಮೊದಲು ತಿಳಿದದ್ದೇ ಹಾಗೆ. ಆದರೆ ಸೂಜಿ ಅಂಗಾಂಶವನ್ನು ಗಾಯಗೊಳಿಸುತ್ತದೆ, ಹೊಕ್ಕ ದಾರಿಯ ಕತೆಯನ್ನಷ್ಟೇ ಹೇಳುತ್ತದೆ. ಮಿದುಳಿನ ಆಳದ ಗಡ್ಡೆಗೆ ವಾರಕ್ಕೊಮ್ಮೆ ಚುಚ್ಚುವ ಮಾತೇ ಇಲ್ಲ.

ಹಾಗಾದರೆ ಎಂಆರ್‌ಐ ಆಮ್ಲವನ್ನು ನೇರವಾಗಿ ಕಾಣುತ್ತದೆಯೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಾಮಾನ್ಯ ಎಂಆರ್‌ಐ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು, ಅಂದರೆ ಪ್ರೋಟಾನ್‌ಗಳನ್ನು ಕಾಣುವ ಯಂತ್ರ. ಆಮ್ಲೀಯತೆ ಎಂದರೂ ಪ್ರೋಟಾನ್‌ಗಳ ಲೆಕ್ಕವೇ. ಆದ್ದರಿಂದ ಕೆಲಸ ಸುಲಭ ಎಂದು ಅನೇಕರು ಊಹಿಸುತ್ತಾರೆ. ಅಂಕಿ ಬೇರೆಯೇ ಹೇಳುತ್ತದೆ. ಒಂದು ಲೀಟರ್ ನೀರಿನಲ್ಲಿ ಸುಮಾರು 110 ಮೋಲ್ ಹೈಡ್ರೋಜನ್ ಇದೆ. ಪಿಎಚ್ 6.8ರಲ್ಲಿ ಆಮ್ಲದ ಲೆಕ್ಕಕ್ಕೆ ಬರುವ ಹೈಡ್ರೋಜನ್ ಅಯಾನು ಸುಮಾರು 70 ಕೋಟಿಗೆ ಒಂದು. ಆ ಒಂದನ್ನು ಹೆಕ್ಕಿ ತೋರಿಸಬಲ್ಲ ಕಾಂತ ಯಾವುದೂ ಇಲ್ಲ.

ಆದ್ದರಿಂದ ಎಲ್ಲ ತಂತ್ರಗಳೂ ಒಬ್ಬ ಸಾಕ್ಷಿಯನ್ನು ಕರೆಯುತ್ತವೆ. ಪಿಎಚ್‌ಗೆ ತಕ್ಕಂತೆ ತನ್ನ ಸಂಕೇತವನ್ನು ಬದಲಿಸುವ ಯಾವುದೋ ಒಂದು ಅಣು ಆ ಸಾಕ್ಷಿ. ನಾವು ಓದುವುದು ಅದರ ಹೇಳಿಕೆಯನ್ನು. ಸಾಕ್ಷಿ ಎಲ್ಲಿ ನಿಂತಿತ್ತು, ಅದಕ್ಕೆ ಕಂಡದ್ದೆಷ್ಟು, ಆಮ್ಲವನ್ನು ಬಿಟ್ಟು ಬೇರೆ ಯಾವುದರ ಪ್ರಭಾವಕ್ಕೆ ಅದು ಒಳಗಾಯಿತು ಎಂದು ಕೇಳದೆ ಪಿಎಚ್ ಸಂಖ್ಯೆಯೊಂದನ್ನು ಒಪ್ಪಿಕೊಳ್ಳುವಂತಿಲ್ಲ.

ಮೊದಲ ಸಾಕ್ಷಿ ಯಾವುದು?

ದೇಹದಲ್ಲೇ ಇರುವ ಅಜೈವಿಕ ಫಾಸ್ಫೇಟ್. 1973ರಲ್ಲಿ ಮೂನ್ ಮತ್ತು ರಿಚರ್ಡ್ಸ್ ಎಂಬ ಸಂಶೋಧಕರು ಫಾಸ್ಫರಸ್-31ರ (ಇದೂ ಕಾಂತೀಯ ಅನುರಣನಕ್ಕೆ ಸ್ಪಂದಿಸುವ ನ್ಯೂಕ್ಲಿಯಸ್) ಸಂಕೇತದಿಂದ ಕೆಂಪು ರಕ್ತಕಣಗಳ ಒಳಗಿನ ಪಿಎಚ್ ಕಂಡುಕೊಳ್ಳಬಹುದೆಂದು ತೋರಿಸಿದ ಮೇಲೆ ಈ ದಾರಿ ತೆರೆಯಿತು. ಫಾಸ್ಫೇಟ್ ಅಣು ಪಿಎಚ್ 6.8ರ ಆಸುಪಾಸಿನಲ್ಲಿ ಒಂದು ಪ್ರೋಟಾನನ್ನು ಹಿಡಿಯುತ್ತ ಬಿಡುತ್ತ ಇರುತ್ತದೆ. ಅದಕ್ಕೆ ತಕ್ಕಂತೆ ರೋಹಿತದಲ್ಲಿ, ಅಂದರೆ ಸಂಕೇತವನ್ನು ಆವರ್ತನದ ಪ್ರಕಾರ ಬಿಡಿಸಿದ ನಕ್ಷೆಯಲ್ಲಿ, ಅದರ ಶಿಖರ ಜಾರುತ್ತದೆ. ಕೋಶಗಳಲ್ಲಿರುವ ಇನ್ನೊಂದು ಫಾಸ್ಫರಸ್ ಅಣುವಾದ ಫಾಸ್ಫೋಕ್ರಿಯಾಟಿನ್‌ನ ಶಿಖರದಿಂದ ಅಳೆದರೆ ಆಮ್ಲೀಯ ತುದಿಯಲ್ಲಿ ಸುಮಾರು 3.3 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಎಂಬ ಲೆಕ್ಕದ ಆವರ್ತನ ವ್ಯತ್ಯಾಸ) ದೂರ, ಕ್ಷಾರೀಯ ತುದಿಯಲ್ಲಿ ಸುಮಾರು 5.7. ನಮ್ಮ ಅದೃಷ್ಟಕ್ಕೆ, ದೇಹಕ್ಕೆ ಬೇಕಾದ ಪಿಎಚ್ ವ್ಯಾಪ್ತಿಯಲ್ಲೇ ಈ ಶಿಖರ ಅತಿ ಹೆಚ್ಚು ಜಾರುತ್ತದೆ.

ಕೊರತೆಯೆಂದರೆ ಸಂಕೇತ ಬಹಳ ಕ್ಷೀಣ. ಫಾಸ್ಫೇಟ್ ಇರುವುದು ಲೀಟರಿಗೆ ಕೆಲವೇ ಮಿಲಿಮೋಲ್. ಸಾಮಾನ್ಯ ಕ್ಲಿನಿಕಲ್ ಸ್ಕ್ಯಾನರಿನಲ್ಲಿ ಒಂದೊಂದು ಚಿತ್ರಘಟಕವೂ ಸೆಂಟಿಮೀಟರುಗಳ ಅಳತೆಯದು. ಸಣ್ಣ ಗಡ್ಡೆಯಾದರೆ ಇಡೀ ಗಡ್ಡೆಗೆ ಒಂದೇ ಸಂಖ್ಯೆ.

ಎಲೆಕ್ಟ್ರೋಡ್ ‘ಆಮ್ಲೀಯ’ ಎಂದಿತು, ಫಾಸ್ಫೇಟ್ ‘ತಟಸ್ಥ’ ಎಂದಿತು. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. ಈ ಕ್ಷೇತ್ರದ ಅತ್ಯಂತ ಸ್ವಾರಸ್ಯಕರ ತಿರುವು ಇದು. ಗಡ್ಡೆಗಳ ಮೇಲೆ ಫಾಸ್ಫರಸ್ ಸ್ಪೆಕ್ಟ್ರೋಸ್ಕೋಪಿ (ಹೀಗೆ ರೋಹಿತ ಓದುವ ವಿಧಾನ) ಆರಂಭವಾದಾಗ ಎಲ್ಲರೂ ಆಮ್ಲೀಯ ಉತ್ತರವನ್ನು ನಿರೀಕ್ಷಿಸಿದ್ದರು. ಬಂದದ್ದು 7.0ಕ್ಕಿಂತ ಮೇಲಿನ ಸಂಖ್ಯೆಗಳು. ವಿಧಾನದಲ್ಲೇ ದೋಷವಿದೆಯೇ ಎಂಬ ಅನುಮಾನ ಸಹಜವಾಗಿತ್ತು. ಬಿಡಿಸಿ ನೋಡಿದರೆ ಎಲೆಕ್ಟ್ರೋಡಿನ ತುದಿ ಜೀವಕೋಶಕ್ಕಿಂತ ದಪ್ಪ, ಅದು ಕೂರುವುದು ಕೋಶಗಳ ನಡುವಿನ ದ್ರವದಲ್ಲಿ. ಫಾಸ್ಫೇಟ್ ಬಹುಪಾಲು ಇರುವುದು ಕೋಶಗಳ ಒಳಗೆ. ಒಬ್ಬ ಬೀದಿಯ ವರದಿ ಕೊಟ್ಟ, ಇನ್ನೊಬ್ಬ ಮನೆಯೊಳಗಿನ ವರದಿ ಕೊಟ್ಟ.

ಇದನ್ನು ಖಚಿತಪಡಿಸಲು 1990ರ ದಶಕದಲ್ಲಿ 3-ಅಮೈನೋಪ್ರೊಪೈಲ್ ಫಾಸ್ಫೊನೇಟ್ ಎಂಬ ಅಣುವನ್ನು ಬಳಸಿದರು. ಅದು ಕೋಶದೊಳಗೆ ಹೋಗುವುದಿಲ್ಲ, ಅದರ ಫಾಸ್ಫರಸ್ ಶಿಖರವೂ ಪಿಎಚ್‌ಗೆ ಜಾರುತ್ತದೆ. ಒಂದೇ ರೋಹಿತದಲ್ಲಿ ಒಳಗಿನದೂ ಹೊರಗಿನದೂ ಸಿಕ್ಕವು. ಆರೋಗ್ಯವಂತ ಅಂಗಾಂಶದಲ್ಲಿ ಹೊರಗಿಗಿಂತ ಒಳಗು ಹುಳಿ, ಗಡ್ಡೆಯಲ್ಲಿ ಅದು ತಿರುವುಮುರುವು. ಸಾಕ್ಷಿ ನಿಂತ ಜಾಗವನ್ನು ಕೇಳಬೇಕು ಎಂದು ಮೇಲೆ ಹಟ ಹಿಡಿದದ್ದು ಇದಕ್ಕೇ.

‘ಸೆಸ್ಟ್’ ಎಂಬ ಹೆಸರು ಎಲ್ಲೆಲ್ಲೂ ಕೇಳಿಬರುತ್ತದೆ. ಏನದು?

ರಾಸಾಯನಿಕ ವಿನಿಮಯದ ಮೂಲಕ ಕಾಂತತ್ವದ ವರ್ಗಾವಣೆ ಎಂದು ಹೇಳಬಹುದು. 2000ದಲ್ಲಿ ವಾರ್ಡ್, ಅಲೆಟ್ರಾಸ್ ಮತ್ತು ಬಾಲಬನ್ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಕೆಲವು ಅಣುಗಳಲ್ಲಿ ಸಾರಜನಕಕ್ಕೆ ಅಂಟಿಕೊಂಡ ಹೈಡ್ರೋಜನ್‌ಗಳು ಸುತ್ತಲಿನ ನೀರಿನ ಹೈಡ್ರೋಜನ್‌ಗಳೊಂದಿಗೆ ಸದಾ ಜಾಗ ಬದಲಿಸಿಕೊಳ್ಳುತ್ತಿರುತ್ತವೆ. ಅವುಗಳದೇ ಆವರ್ತನದ ರೇಡಿಯೋ ಅಲೆಯಿಂದ ಅವುಗಳ ಸಂಕೇತವನ್ನು ಅಳಿಸುತ್ತ ಹೋದರೆ, ಅಳಿಸಿಹೋದವು ನೀರಿಗೆ ಜಿಗಿಯುತ್ತವೆ, ನೀರಿನಿಂದ ಹೊಸವು ಬಂದು ಅವೂ ಅಳಿಯುತ್ತವೆ. ಕೆಲವು ಸೆಕೆಂಡು ಹೀಗೆ ನಡೆದರೆ ನೀರಿನ ಸಂಕೇತವೇ ಅಳೆಯುವಷ್ಟು ತಗ್ಗುತ್ತದೆ. ಮಿಲಿಮೋಲ್ ಮಟ್ಟದ ಅಣುವಿನ ಸುಳಿವು 110 ಮೋಲ್ ಹೈಡ್ರೋಜನ್ ಇರುವ ನೀರಿನ ಮೇಲೆ ಮೂಡುವುದು ಹೀಗೆ. ಹನಿಹನಿಯಾಗಿ ಬಿದ್ದ ಬಣ್ಣ ಕೊಡವನ್ನೇ ಬಣ್ಣಗೆಡಿಸಿದ ಹಾಗೆ.

ಈ ಜಾಗ ಬದಲಾವಣೆಯ ವೇಗ ಪಿಎಚ್ ಮೇಲೆ ನಿಂತಿದೆ. ಸಾರಜನಕವಿರುವ ಅಮೈಡ್ ಎಂಬ ಗುಂಪುಗಳಲ್ಲಿ ಕ್ಷಾರ ಹೆಚ್ಚಿದಷ್ಟೂ ವಿನಿಮಯ ಚುರುಕು, ಆಮ್ಲ ಹೆಚ್ಚಿದಷ್ಟೂ ನಿಧಾನ. ನಿಧಾನವಾದಷ್ಟೂ ನೀರಿನ ಮೇಲೆ ಬೀಳುವ ಪರಿಣಾಮ ಕಡಿಮೆ. ಮುಂದೆ ಸೆಸ್ಟ್ ಸಂಕೇತ ಎನ್ನುವುದು ಈ ಪರಿಣಾಮವನ್ನೇ.

ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ಔಷಧವನ್ನು ಎಂಆರ್‌ಐಗೆ ಏಕೆ ಬಳಸುತ್ತಾರೆ?

ಅದರ ಅಯೋಡಿನ್‌ಗಾಗಿ ಅಲ್ಲ, ಅದರ ಅಮೈಡ್‌ಗಳಿಗಾಗಿ. ಅಯೋಪಮಿಡಾಲ್ ಎಂಬ ಕಾಂಟ್ರಾಸ್ಟ್ ಔಷಧದಲ್ಲಿ ಎರಡು ಬಗೆಯ ಅಮೈಡ್ ಹೈಡ್ರೋಜನ್‌ಗಳಿವೆ. ಒಂದು ನೀರಿನ ಶಿಖರದಿಂದ 4.2 ಪಿಪಿಎಂ ದೂರದಲ್ಲಿ, ಇನ್ನೊಂದು 5.5 ಪಿಪಿಎಂ ದೂರದಲ್ಲಿ ಪ್ರತಿಕ್ರಿಯಿಸುತ್ತವೆ. ಪಿಎಚ್ ಬದಲಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಬುದ್ಧಿವಂತಿಕೆ ಇರುವುದು ಇಲ್ಲಿ. ಒಂದೇ ಶಿಖರವನ್ನು ಅಳೆದರೆ ಸಂಕೇತ ತಗ್ಗಿದ್ದು ಆಮ್ಲದಿಂದಲೋ ಔಷಧ ಕಡಿಮೆ ತಲುಪಿದ್ದರಿಂದಲೋ ಹೇಳಲಾಗದು. ಎರಡನ್ನೂ ಅಳೆದು ಅನುಪಾತ ತೆಗೆದರೆ ಔಷಧದ ಪ್ರಮಾಣ ಲೆಕ್ಕದಿಂದ ಬಿದ್ದುಹೋಗುತ್ತದೆ, ಪಿಎಚ್ ಉಳಿಯುತ್ತದೆ. ಜೊತೆಗೆ ಈ ಔಷಧ ಕೋಶದೊಳಗೆ ಹೋಗುವುದಿಲ್ಲ. ಹಾಗಾಗಿ ಸಿಗುವುದು ನಮಗೆ ಬೇಕಾದ ಹೊರಗಿನ ಪಿಎಚ್.

ಮನುಷ್ಯರಿಗೆ ಕೊಡಲು ದಶಕಗಳಿಂದ ಅನುಮತಿ ಇರುವ ಔಷಧವೇ ಇಂಥ ಗುಣವನ್ನು ಅಡಗಿಸಿಕೊಂಡಿದ್ದುದು ದೊಡ್ಡ ಭಾಗ್ಯ. ಇಲಿಗಳ ಮೇಲಿನ ಕೆಲಸದ ನಂತರ 2017ರ ವೇಳೆಗೆ ರೋಗಿಗಳಲ್ಲಿನ ಆರಂಭಿಕ ಮಾಪನಗಳೂ ಪ್ರಕಟವಾದವು. ತೊಡಕೂ ಇದೆ. 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಯಂತ್ರದಲ್ಲಿ ಆ ಎರಡು ಶಿಖರಗಳ ನಡುವಿನ ಅಂತರ ಸುಮಾರು 166 ಹರ್ಟ್ಸ್ ಮಾತ್ರ. ಇಲಿಗಳಿಗೆ ಬಳಸುವ 7 ಟೆಸ್ಲಾದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಇಲಿಯಲ್ಲಿ ಬಿಡಿಬಿಡಿಯಾಗಿ ಕಂಡದ್ದು ರೋಗಿಯಲ್ಲಿ ಕಲಸಿಹೋಗುತ್ತದೆ. ಹೊಟ್ಟೆಯ ಭಾಗವಾದರೆ ಉಸಿರಾಟದ ಅಲುಗಾಟ ಬೇರೆ.

ಯಾವ ಔಷಧವನ್ನೂ ಚುಚ್ಚದೆ ಆಗುವುದಿಲ್ಲವೇ?

ಒಂದು ಮಟ್ಟಿಗೆ ಆಗುತ್ತದೆ. ಕೋಶಗಳಲ್ಲಿರುವ ಪ್ರೋಟೀನುಗಳ ಅಮೈಡ್‌ಗಳೇ 3.5 ಪಿಪಿಎಂನಲ್ಲಿ ಸಂಕೇತ ಕೊಡುತ್ತವೆ. 2003ರಿಂದ ಬೆಳೆದ ಈ ವಿಧಾನವನ್ನು ಎಪಿಟಿ (ಅಮೈಡ್ ಪ್ರೋಟಾನ್ ವರ್ಗಾವಣೆ) ಚಿತ್ರಣ ಎನ್ನುತ್ತಾರೆ. ಮಿದುಳಿನ ಗ್ಲಯೋಮಾಗಳಲ್ಲಿ, ಅದರಲ್ಲೂ ಮರಳಿ ಬಂದ ಗಡ್ಡೆಯನ್ನು ವಿಕಿರಣದಿಂದಾದ ಹಾನಿಯಿಂದ ಬೇರ್ಪಡಿಸುವಲ್ಲಿ ಇದು ಉಪಯೋಗಕ್ಕೆ ಬಂದಿದೆ.

ಆದರೆ ಇದನ್ನು ಆಮ್ಲೀಯತೆಯ ಚಿತ್ರವೆಂದು ಕರೆಯುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಆಮ್ಲ ಹೆಚ್ಚಾದರೆ ಅಮೈಡ್ ಸಂಕೇತ ತಗ್ಗಬೇಕು. ಗ್ಲಯೋಮಾದಲ್ಲಿ ಅದು ಏರಿರುತ್ತದೆ. ಏರಿದ್ದಕ್ಕೆ ಮುಖ್ಯ ಕಾರಣ ಅಲ್ಲಿ ಪ್ರೋಟೀನು ಹೆಚ್ಚಿರುವುದು. ಮೇಲಾಗಿ ಆ ಪ್ರೋಟೀನುಗಳು ಬಹುಪಾಲು ಕೋಶದ ಒಳಗಿನವು. ರಕ್ತ ನಿಂತುಹೋದ ಮಿದುಳಿನ ಭಾಗದಲ್ಲಿ, ಅಂದರೆ ಪಾರ್ಶ್ವವಾಯುವಿನಲ್ಲಿ, ಪ್ರೋಟೀನು ಸದ್ಯಕ್ಕೆ ಬದಲಾಗದೆ ಪಿಎಚ್ ಮಾತ್ರ ಇಳಿಯುವುದರಿಂದ ಇದೇ ಚಿತ್ರ ನಿಜಕ್ಕೂ ಆಮ್ಲದ ಸುಳಿವು ಕೊಡುತ್ತದೆ. ಒಂದೇ ಸಾಕ್ಷಿ, ಎರಡು ಮೊಕದ್ದಮೆ, ಎರಡು ಅರ್ಥ.

ಅಮೈನೋ ಆಮ್ಲಗಳ ಅಮೈನ್ ಗುಂಪುಗಳನ್ನು 3 ಪಿಪಿಎಂ ಸುಮಾರಿಗೆ ಅಳೆಯುವ ಇನ್ನೊಂದು ಬಗೆಯಿದೆ. ಇವುಗಳ ವಿನಿಮಯ ವಿಪರೀತ ವೇಗದ್ದು, ಆ ವೇಗದಲ್ಲಿ ಸಂಕೇತ ಕಲಸಿಹೋಗುತ್ತದೆ. ಆಮ್ಲ ಅದನ್ನು ನಿಧಾನಿಸಿದಾಗ ಸಂಕೇತ ಏರುತ್ತದೆ. ಅಂದರೆ ಅಮೈಡ್‌ಗೆ ತದ್ವಿರುದ್ಧ. ಗ್ಲಯೋಬ್ಲಾಸ್ಟೊಮಾ ಎಂಬ ಉಗ್ರ ಗ್ಲಯೋಮಾದ ರೋಗಿಗಳಲ್ಲಿ ಇದನ್ನು ಬಳಸಿದ್ದಾರೆ. ಇಲ್ಲಿ ಸಿಗುವುದು ಪಿಎಚ್ ಸಂಖ್ಯೆಯಲ್ಲ, ಪಿಎಚ್ ಕಡೆಗೆ ವಾಲಿದ ಚಿತ್ರ. ಹಾಗೆಂದು ಹೇಳಿಕೊಂಡರೆ ನನ್ನ ತಕರಾರಿಲ್ಲ.

ಎಂಆರ್‌ಐಗೆ ಸಾಮಾನ್ಯವಾಗಿ ಚುಚ್ಚುವ ಗ್ಯಾಡೊಲಿನಿಯಂ ಔಷಧಗಳಿಂದ ಆಗದೇ?

ಪಿಎಚ್‌ಗೆ ತಕ್ಕಂತೆ ನೀರಿನ ಶಿಥಿಲನವನ್ನು (ಅದರ ಪ್ರೋಟಾನ್‌ಗಳು ಸಹಜ ಸ್ಥಿತಿಗೆ ಮರಳುವ ವೇಗವನ್ನು) ಬದಲಿಸುವ ಗ್ಯಾಡೊಲಿನಿಯಂ ಸಂಯುಕ್ತಗಳನ್ನು ತಯಾರಿಸಿದ್ದಾರೆ, ಪ್ರಾಣಿಗಳಲ್ಲಿ ನಕ್ಷೆಗಳೂ ಬಂದಿವೆ. ಪ್ರತಿ ಬಿಂದುವಿನಲ್ಲಿ ಔಷಧ ಎಷ್ಟಿದೆ ಎಂದು ಬೇರೆಯಾಗಿ ತಿಳಿಯಬೇಕಾದ್ದರಿಂದ ಪಿಎಚ್‌ಗೆ ಸ್ಪಂದಿಸದ ಇನ್ನೊಂದು ಔಷಧವನ್ನೂ ಚುಚ್ಚಬೇಕಾಗುತ್ತದೆ. ಜಗಳ ಬಗೆಹರಿಸಲು ಇನ್ನೊಂದು ಜಗಳ.

ಕಾರ್ಬನ್-13 ವಿಧಾನದ ಬಗ್ಗೆ ಅಷ್ಟು ಉತ್ಸಾಹವೇಕೆ?

ಅದು ದೇಹದ್ದೇ ಆದ ಪಿಎಚ್ ಮಾಪಕವನ್ನು ಓದುತ್ತದೆ. ರಕ್ತದ ಪಿಎಚ್ ಅನ್ನು ಕಾಯುವುದು ಬೈಕಾರ್ಬೊನೇಟ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಜೋಡಿ. ಎರಡರ ಅನುಪಾತ ಗೊತ್ತಾದರೆ ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣದಿಂದ ಪಿಎಚ್ ನೇರವಾಗಿ ಸಿಗುತ್ತದೆ: 6.17ಕ್ಕೆ ಆ ಅನುಪಾತದ ಲಾಗರಿತಮ್ ಕೂಡಿಸಿ. ಅನುಪಾತ 10 ಇದ್ದರೆ ಪಿಎಚ್ 7.17, 5ಕ್ಕೆ ಇಳಿದರೆ 6.87.

ಈ ಜೋಡಿಯನ್ನು ಓದುವುದು ಅದರಲ್ಲಿನ ಕಾರ್ಬನ್-13ರಿಂದ, ಅಂದರೆ ಕಾಂತೀಯ ಅನುರಣನಕ್ಕೆ ಕಾಣುವ ಇಂಗಾಲದ ಐಸೋಟೋಪಿನಿಂದ. ಅದರ ಸಹಜ ಸಂಕೇತ ಇದಕ್ಕೆ ಏನೇನೂ ಸಾಲದು. ಆದ್ದರಿಂದ ಕಾರ್ಬನ್-13 ಇರುವ ಬೈಕಾರ್ಬೊನೇಟನ್ನು ಸೊನ್ನೆ ಕೆಲ್ವಿನ್‌ಗಿಂತ (ಉಷ್ಣತೆಯ ಕಟ್ಟಕಡೆಯ ತಳಕ್ಕಿಂತ) ಒಂದೂವರೆ ಡಿಗ್ರಿಯಷ್ಟೂ ಮೇಲಿಲ್ಲದ ಚಳಿಗೆ ಇಳಿಸಿ, ಮೈಕ್ರೋವೇವ್ ಹಾಯಿಸಿ, ನ್ಯೂಕ್ಲಿಯಸ್‌ಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸಿ, ಕ್ಷಣದಲ್ಲಿ ಕರಗಿಸಿ ಚುಚ್ಚುತ್ತಾರೆ. ಸಂಕೇತ 10,000 ಪಟ್ಟಿಗೂ ಹೆಚ್ಚುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. ಗಲಾಘರ್ ಮತ್ತು ಸಂಗಡಿಗರು 2008ರಲ್ಲಿ ಇಲಿಯ ಗಡ್ಡೆಯ ಪಿಎಚ್ ನಕ್ಷೆಯನ್ನು ಈ ರೀತಿ ತೆಗೆದರು. ತೊಂದರೆ ಸಮಯದ್ದು. ಹೀಗೆ ಸಾಲುಗೂಡಿದ (ಅತಿಧ್ರುವೀಕೃತ) ಸ್ಥಿತಿ ದೇಹದೊಳಗೆ ಹತ್ತು ಸೆಕೆಂಡಿನ ಆಸುಪಾಸಿನ ಕಾಲಮಾನದಲ್ಲಿ ಕರಗಿಹೋಗುತ್ತದೆ. ಕರಗಿಸಿದ ಕೋಣೆಯಿಂದ ಸ್ಕ್ಯಾನರಿನವರೆಗೆ ಓಡುವುದೂ ಲೆಕ್ಕಕ್ಕೆ ಬರುತ್ತದೆ. ಇದೇ ಬಗೆಯಲ್ಲಿ ತಯಾರಿಸಿದ ಪೈರುವೇಟ್ (ಗ್ಲೂಕೋಸ್ ಒಡೆದಾಗ ಬರುವ ಅಣು) ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳವರೆಗೆ ಬಂದು ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆದರೆ ಅದು ಹೇಳುವುದು ಚಯಾಪಚಯದ ಕತೆ, ಪಿಎಚ್ ಅಲ್ಲ.

ಬಣ್ಣಬಣ್ಣದ ಪಿಎಚ್ ನಕ್ಷೆಯನ್ನು ಎಷ್ಟು ನಂಬಬಹುದು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಇಲ್ಲಂತೂ ಪ್ರತ್ಯಕ್ಷವೂ ಇಲ್ಲ, ಬಣ್ಣ ಹಚ್ಚಿದ್ದು ಸಾಫ್ಟ್‌ವೇರ್.

ಮೊದಲನೆಯದಾಗಿ, ಚಿತ್ರದ ಒಂದು ಚುಕ್ಕೆ ಕೆಲವು ಮಿಲಿಮೀಟರ್ ಅಗಲ. ಗಡ್ಡೆಯಲ್ಲಿ ರಕ್ತನಾಳದಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗ ದೂರ ಹೋಗುವಷ್ಟರಲ್ಲೇ ಆಮ್ಲಜನಕ ಬರಿದಾಗಿ ಪಿಎಚ್ ಕೂಡ ಬದಲಾಗುತ್ತದೆ. ಆದ್ದರಿಂದ ಪ್ರತಿ ಚುಕ್ಕೆಯೂ ಸರಾಸರಿ. ಅರ್ಧ ಭಾಗ 7.2, ಅರ್ಧ ಭಾಗ 6.4 ಇರುವ ಚುಕ್ಕೆಯೊಂದನ್ನು ಊಹಿಸಿಕೊಳ್ಳಿ. ಪಿಎಚ್‌ಗಳ ಸರಾಸರಿ ತೆಗೆದರೆ 6.8. ಹೈಡ್ರೋಜನ್ ಅಯಾನುಗಳ ಸರಾಸರಿ ತೆಗೆದು ಪಿಎಚ್ ಮಾಡಿದರೆ ಸುಮಾರು 6.64. ಆ ಚುಕ್ಕೆಯಲ್ಲಿ 6.8 ಎಂದೂ 6.64 ಎಂದೂ ಇರುವ ಜಾಗವೇ ಇಲ್ಲ ಎಂಬುದನ್ನು ಮರೆಯಬೇಡಿ.

ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. ಚುಚ್ಚಿದ ಔಷಧ ತಲುಪುವುದು ರಕ್ತ ಹರಿಯುವ ಕಡೆಗೆ. ರಕ್ತ ಚೆನ್ನಾಗಿ ಹರಿಯುವ ಕಡೆ ಆಮ್ಲ ಕಡಿಮೆ. ಅತಿ ಹುಳಿಯಾದ, ರಕ್ತ ಕಾಣದ ಮೂಲೆಗಳಿಗೆ ಸಾಕ್ಷಿಯೇ ಹೋಗಿರುವುದಿಲ್ಲ. ಅಂಥ ಚುಕ್ಕೆಗಳು ನಕ್ಷೆಯಲ್ಲಿ ಖಾಲಿ ಉಳಿಯುತ್ತವೆ, ಇಲ್ಲವೇ ಲೆಕ್ಕದಿಂದ ತೆಗೆದುಹಾಕಲ್ಪಡುತ್ತವೆ. ಸರಾಸರಿ ಪಿಎಚ್ ನಿಜಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಪ್ರಬಂಧ ಓದುವಾಗ ನಾನು ಮೊದಲು ನೋಡುವುದು ಗಡ್ಡೆಯ ಎಷ್ಟು ಭಾಗದಿಂದ ಸಂಕೇತ ಬಂದಿದೆ ಎಂಬುದನ್ನು. ಪಿಎಚ್ ಸಂಖ್ಯೆ ಆಮೇಲೆ.

ಅಂಶಾಂಕನದ (ಕ್ಯಾಲಿಬ್ರೇಶನ್) ಮಾತೂ ಇದೆ. ಗೊತ್ತಿರುವ ಪಿಎಚ್‌ಗಳ ದ್ರಾವಣ ತುಂಬಿದ ನಳಿಗೆಗಳನ್ನು ಸ್ಕ್ಯಾನ್ ಮಾಡಿ ಅನುಪಾತ–ಪಿಎಚ್ ರೇಖೆ ಎಳೆಯುತ್ತಾರೆ. ಆ ನಳಿಗೆಗಳು ಕೋಣೆಯ ಉಷ್ಣತೆಯಲ್ಲಿದ್ದರೆ ರೇಖೆ ದೇಹಕ್ಕೆ ಹೊಂದುವುದಿಲ್ಲ, ಏಕೆಂದರೆ ವಿನಿಮಯದ ವೇಗ ಉಷ್ಣತೆಗೂ ಕುಣಿಯುತ್ತದೆ. 37 ಡಿಗ್ರಿ ಕಾಯ್ದುಕೊಂಡರೇ ಎಂದು ಕೇಳಿ.

ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆದರೆ ಅಲ್ಲಿ ಆಮ್ಲ ಇದೆ ಎಂದೇ ಅರ್ಥವಲ್ಲವೇ?

ಅಲ್ಲ. ಹೊಳಪು ಹೇಳುವುದು ಚುಚ್ಚಿದ ವಿಕಿರಣಶೀಲ ಗ್ಲೂಕೋಸ್‌ನಂಥ ಅಣು ಕೋಶದ ಒಳಗೆ ಹೋಗಿ ಸಿಕ್ಕಿಕೊಂಡಿದೆ ಎಂಬುದನ್ನು. ಹುಟ್ಟಿದ ಆಮ್ಲವನ್ನು ರಕ್ತ ತೊಳೆದುಕೊಂಡು ಹೋಗುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಇದರಲ್ಲಿ ಅಪಾಯವೇನಾದರೂ ಇದೆಯೇ?

ಸ್ಕ್ಯಾನಿನಲ್ಲಿ ಎಕ್ಸ್-ರೇಯಂಥ ವಿಕಿರಣ ಇಲ್ಲ. ಅಯೋಡಿನ್ ಔಷಧಕ್ಕೆ ಸಿಟಿಯಲ್ಲಿ ಇರುವ ಎಚ್ಚರಿಕೆಗಳೇ ಇಲ್ಲೂ: ಅಲರ್ಜಿ, ಮೂತ್ರಪಿಂಡಗಳ ಸ್ಥಿತಿ. ಸೆಸ್ಟ್‌ನಲ್ಲಿ ರೇಡಿಯೋ ಅಲೆಗಳನ್ನು ಹೆಚ್ಚು ಹೊತ್ತು ಹಾಯಿಸುವುದರಿಂದ ದೇಹ ಬೆಚ್ಚಗಾಗದಂತೆ ಯಂತ್ರವೇ ಮಿತಿ ಹಾಕುತ್ತದೆ.

ವೈದ್ಯರನ್ನು ಕೇಳಿ ನಾನೂ ಈ ಸ್ಕ್ಯಾನ್ ಮಾಡಿಸಿಕೊಳ್ಳಬಹುದೇ?

ಎಪಿಟಿ ಚಿತ್ರಣ ಕೆಲವು 3 ಟೆಸ್ಲಾ ಯಂತ್ರಗಳಲ್ಲಿ ಲಭ್ಯವಿದೆ, ಅದೂ ಮುಖ್ಯವಾಗಿ ಮಿದುಳಿಗೆ. ಪಿಎಚ್ ಸಂಖ್ಯೆಯನ್ನೇ ಕೊಡುವ ವಿಧಾನಗಳು ಸಂಶೋಧನೆಯ ಅಂಗಳದಲ್ಲಿವೆ. ಅವು ಇಲ್ಲದಿರುವುದರಿಂದ ನಿಮ್ಮ ಚಿಕಿತ್ಸೆಯಲ್ಲಿ ಏನೋ ತಪ್ಪಿಹೋಗಿದೆ ಎಂದು ಕೊರಗಬೇಕಿಲ್ಲ.

ಕ್ಷಾರೀಯ ನೀರು ಕುಡಿದರೆ ಗಡ್ಡೆಯ ಹುಳಿ ಕಡಿಮೆಯಾಗುತ್ತದೆಯೇ?

ಇಲ್ಲ. ಜಠರದ ಆಮ್ಲ ಅದನ್ನು ಅಲ್ಲೇ ಮುಗಿಸುತ್ತದೆ. ಉಳಿದದ್ದನ್ನು ಶ್ವಾಸಕೋಶ, ಮೂತ್ರಪಿಂಡಗಳು ಸರಿದೂಗಿಸಿ ರಕ್ತದ ಪಿಎಚ್ ಅನ್ನು 7.35ರಿಂದ 7.45ರೊಳಗೆ ಹಿಡಿದಿಡುತ್ತವೆ.

ಹಾಗಾದರೆ ಅಡುಗೆ ಸೋಡಾ ಕುಡಿಸಿದ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದು ಕಡಿಮೆಯಾಯಿತು ಎಂಬುದು?

ಅದು ನಿಜ, ಪೂರ್ತಿ ಕೇಳಬೇಕಾದ ನಿಜ. 2009ರಲ್ಲಿ ಪ್ರಕಟವಾದ ಕೆಲಸದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಮೋಲ್ ಸೋಡಿಯಂ ಬೈಕಾರ್ಬೊನೇಟ್ ಬೆರೆಸಿ ಇಲಿಗಳಿಗೆ ಕೊಟ್ಟರು. ಗಡ್ಡೆಯ ಹೊರಗಿನ ಪಿಎಚ್ ಏರಿದ್ದನ್ನು ಕಾಂತೀಯ ಅನುರಣನದಿಂದಲೇ ಕಂಡರು. ಸ್ತನ ಕ್ಯಾನ್ಸರ್ ಮಾದರಿಯಲ್ಲಿ ಹರಡುವಿಕೆ ಕುಗ್ಗಿತು. ಆದರೆ ಮೂಲ ಗಡ್ಡೆಯ ಬೆಳವಣಿಗೆ ನಿಲ್ಲಲಿಲ್ಲ, ಎಲ್ಲ ಬಗೆಯ ಗಡ್ಡೆಗಳಲ್ಲೂ ಫಲ ಕಾಣಲಿಲ್ಲ. ಇಲಿಯ ಮೈತೂಕಕ್ಕೆ ಸರಿಹೊಂದಿಸಿ ಮನುಷ್ಯನ ಪ್ರಮಾಣ ಲೆಕ್ಕ ಹಾಕಿದರೆ ದಿನವೂ ನುಂಗಬೇಕಾದ ಸೋಡಿಯಂ ಹೃದಯಕ್ಕೂ ಮೂತ್ರಪಿಂಡಕ್ಕೂ ಹೊರೆ, ರಕ್ತ ಅತಿ ಕ್ಷಾರೀಯವಾಗುವ ಭಯ ಬೇರೆ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಇದಲ್ಲ. ಆ ಇಲಿಗಳಲ್ಲಿ ಯಾವ ಗಡ್ಡೆಯ ಹುಳಿ ಇಳಿಯಿತು, ಯಾವುದರದು ಇಳಿಯಲಿಲ್ಲ ಎಂದು ಕೊಯ್ಯದೆ ಚುಚ್ಚದೆ ಹೇಳಲು ಮೇಲಿನ ಸಾಕ್ಷಿಗಳಲ್ಲಿ ಒಂದಾದರೂ ಬೇಕಿತ್ತು. ಮನುಷ್ಯರಲ್ಲಿ ಇಂಥ ಚಿಕಿತ್ಸೆ ಪರೀಕ್ಷಿಸುವವರಿಗೂ ಅದೇ ಬೇಕು.